ಎಲ್‌ಎಚ್ ಗ್ರಾಹಕವೇ ಇಲ್ಲದ ಅಂಡಾಣುವಿಗೆ ಎಲ್‌ಎಚ್‌ನ ಸಂದೇಶ ಮುಟ್ಟುವುದು ಹೇಗೆ?

ಪ್ರಶ್ನೆ: ಪದವಿಪೂರ್ವ ಕಾಲೇಜಿನ ಜೀವಶಾಸ್ತ್ರ ಉಪನ್ಯಾಸಕಿ

ನಮಸ್ಕಾರ. ಅಂಡಾಣುವಿನ ಬೆಳವಣಿಗೆಯ ಪಾಠ ಮಾಡುವಾಗ ನಾವು ಸಾಮಾನ್ಯವಾಗಿ ಹೇಳುವುದು ಇಷ್ಟು. ಹೆಣ್ಣು ಮಗು ತಾಯಿಯ ಗರ್ಭದಲ್ಲಿರುವಾಗಲೇ ಅದರ ಅಂಡಾಣುಗಳು ವರ್ಣತಂತುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸುವ ಮಿಯಾಸಿಸ್‌ನ ಮೊದಲ ವಿಭಜನೆಯನ್ನು ಆರಂಭಿಸಿ, ಅದರ ಆರಂಭದ ಘಟ್ಟವಾದ ಪ್ರೊಫೇಸ್ ಹಂತದಲ್ಲಿಯೇ ನಿಂತುಬಿಡುತ್ತವೆ. ಮುಂದೆ ಪ್ರಾಯಕ್ಕೆ ಬಂದ ಮೇಲೆ, ಪ್ರತಿ ಋತುಚಕ್ರದ ನಡುಭಾಗದಲ್ಲಿ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಹಾರ್ಮೋನು ಒಮ್ಮೆಲೇ ಏರಿದಾಗ, ಬಲಿತ ಫಾಲಿಕಲ್ ಎಂಬ ಕೋಶಚೀಲದೊಳಗಿನ ಅಂಡಾಣು ನಿಂತಿದ್ದ ವಿಭಜನೆಯನ್ನು ಮುಂದುವರಿಸಿ, ಧ್ರುವಕಾಯವೆಂಬ ಒಂದು ಪುಟ್ಟ ಕೋಶವನ್ನು ಹೊರಹಾಕಿ, ಎರಡನೆಯ ವಿಭಜನೆಯ ಮೆಟಾಫೇಸ್‌ನಲ್ಲಿ ಮತ್ತೊಮ್ಮೆ ನಿಂತು, ಆ ಸ್ಥಿತಿಯಲ್ಲಿಯೇ ಅಂಡಾಶಯದಿಂದ ಬಿಡುಗಡೆಯಾಗುತ್ತದೆ.

ಇದನ್ನು ಕೇಳಿದವರಿಗೆ ಎಲ್‌ಎಚ್ ಹಾರ್ಮೋನು ಅಂಡಾಣುವನ್ನು ನೇರವಾಗಿ ಎಬ್ಬಿಸುತ್ತದೆ ಎಂಬ ಚಿತ್ರ ಮೂಡುವುದು ಸಹಜ. ಆದರೆ ಎಲ್‌ಎಚ್ ಗ್ರಾಹಕಗಳು ಅಂಡಾಣುವಿನ ಮೇಲೆ ಇಲ್ಲವೆಂದೂ, ಅದನ್ನು ಒತ್ತಿಕೊಂಡಿರುವ ಕ್ಯುಮುಲಸ್ ಕೋಶಗಳಲ್ಲಿಯೂ ಅವು ಬಹುಮಟ್ಟಿಗೆ ಇಲ್ಲವೆಂದೂ, ಫಾಲಿಕಲ್‌ನ ಹೊರಗೋಡೆಯ ಗ್ರಾನುಲೋಸಾ ಕೋಶಗಳಲ್ಲಿ ಮತ್ತು ಅವುಗಳಾಚೆಯ ಥೀಕಾ ಪದರದಲ್ಲಿ ಮಾತ್ರ ಇವೆಯೆಂದೂ ಓದಿದ್ದೇನೆ. ಇನ್ನೂ ಗೊಂದಲ ತರುವ ಸಂಗತಿಯೆಂದರೆ, ಬಲಿತ ಅಂಡಾಣುವನ್ನು ಫಾಲಿಕಲ್‌ನಿಂದ ಬಿಡಿಸಿ ಪೋಷಕ ದ್ರವದಲ್ಲಿಟ್ಟರೆ, ಯಾವ ಹಾರ್ಮೋನಿನ ನೆರವೂ ಇಲ್ಲದೆ ಅದು ತಾನಾಗಿಯೇ ವಿಭಜನೆಯನ್ನು ಮುಂದುವರಿಸುತ್ತದೆಯಂತೆ. ಹಾಗಾದರೆ ಎಲ್‌ಎಚ್ ಮಾಡುವ ಕೆಲಸವಾದರೂ ಯಾವುದು?

ಇದಕ್ಕೆ ಸೇರಿಕೊಂಡಂತೆ ಇನ್ನೊಂದು ಸಂದೇಹವಿದೆ. ಅಂಡಾಣುವಿನಲ್ಲಿ ಸೈಕ್ಲಿಕ್ ಎಎಂಪಿ ಎಂಬ ಸಂಕೇತವಾಹಕ ಅಣು ಹೆಚ್ಚಿರುವುದರಿಂದಲೇ ವಿಭಜನೆ ನಿಂತಿರುತ್ತದೆ ಎನ್ನುತ್ತಾರೆ. ಎಲ್‌ಎಚ್ ತನ್ನ ಗ್ರಾಹಕಕ್ಕೆ ಅಂಟಿಕೊಂಡಾಗ ಗ್ರಾನುಲೋಸಾ ಕೋಶಗಳಲ್ಲಿ ಏರುವುದೂ ಅದೇ ಸೈಕ್ಲಿಕ್ ಎಎಂಪಿ. ಈ ಕೋಶಗಳೆಲ್ಲ ಗ್ಯಾಪ್ ಜಂಕ್ಷನ್ ಎಂಬ ಸೂಕ್ಷ್ಮ ನಾಲೆಗಳ ಮೂಲಕ ಒಂದಕ್ಕೊಂದು ತೆರೆದುಕೊಂಡಿರುವಾಗ, ಎಲ್‌ಎಚ್ ಬಂದಮೇಲೆ ತಡೆ ಇನ್ನಷ್ಟು ಬಿಗಿಯಾಗಬೇಕಲ್ಲವೇ? ಪಠ್ಯದ ಮಟ್ಟಕ್ಕಿಂತ ಮೇಲಿನ ವಿವರಣೆಯಾದರೂ ಅಡ್ಡಿಯಿಲ್ಲ. ನಾನು ಸರಿಯಾಗಿ ಅರ್ಥ ಮಾಡಿಕೊಂಡು ನಂತರ ತರಗತಿಗೆ ಬೇಕಾದಷ್ಟನ್ನು ಹೇಳುತ್ತೇನೆ.

ಉತ್ತರ 1: ಕೋಶ ಜೀವಶಾಸ್ತ್ರ ಸಂಶೋಧಕ

ಮೇಡಂ, ನೀವು ಎತ್ತಿರುವ ಎರಡೂ ವಿರೋಧಾಭಾಸಗಳು ಈ ಕ್ಷೇತ್ರವನ್ನು ಹಲವು ದಶಕಗಳ ಕಾಲ ಕಾಡಿದವು. ಮೊದಲನೆಯದರ ಮೂಲ 1935ರಷ್ಟು ಹಳೆಯದು. ಆ ವರ್ಷ ಗ್ರೆಗೊರಿ ಪಿಂಕಸ್ ಮತ್ತು ಎನ್ಜ್‌ಮನ್ ಅವರು ಮೊಲದ ಅಂಡಾಣುಗಳನ್ನು ಫಾಲಿಕಲ್‌ನಿಂದ ಹೊರತೆಗೆದರೆ ಅವು ತಾವಾಗಿಯೇ ಮಿಯಾಸಿಸ್ ಅನ್ನು ಮುಂದುವರಿಸುತ್ತವೆ ಎಂದು ತೋರಿಸಿ, ಫಾಲಿಕಲ್‌ನ ಕೋಶಗಳೇ ಅಂಡಾಣುವನ್ನು ತಡೆದು ಹಿಡಿದಿರಬೇಕು ಎಂದು ತರ್ಕಿಸಿದರು. ಆ ತರ್ಕ ಸರಿಯಾಗಿತ್ತು. ಆದರೆ ತಡೆ ಹಿಡಿಯುವ ವಸ್ತು ಯಾವುದು, ಅದನ್ನು ಯಾರು ತಯಾರಿಸುತ್ತಾರೆ ಎಂಬುದು ಖಚಿತವಾಗಲು ಮುಕ್ಕಾಲು ಶತಮಾನವೇ ಬೇಕಾಯಿತು.

ಅಂಡಾಣುವಿನ ಒಳಗಿನಿಂದಲೇ ಆರಂಭಿಸೋಣ. ಮಿಯಾಸಿಸ್ ಮುಂದುವರಿಯಬೇಕಾದರೆ ಸಿಡಿಕೆ1 ಎಂಬ ಕಿಣ್ವವು ಸೈಕ್ಲಿನ್ ಬಿ ಎಂಬ ಪ್ರೋಟೀನಿನ ಜೊತೆಗೂಡಿ ಚುರುಕಾಗಬೇಕು. ಯೋಶಿಯೋ ಮಸುಯಿ ಮತ್ತು ಮಾರ್ಕರ್ಟ್ ಅವರು 1971ರಲ್ಲಿ ಕಪ್ಪೆಯ ಅಂಡಾಣುಗಳಲ್ಲಿ ಗುರುತಿಸಿ, ಪಕ್ವತೆ ತರುವ ಅಂಶವೆಂದು ಕರೆದದ್ದು ಈ ಜೋಡಿಯನ್ನೇ. ಪ್ರೊಫೇಸ್‌ನಲ್ಲಿ ನಿಂತಿರುವ ಅಂಡಾಣುವಿನಲ್ಲಿ ಸಿಡಿಕೆ1 ಇಲ್ಲದಿಲ್ಲ. ಆದರೆ ಅದರ ಎರಡು ನಿರ್ದಿಷ್ಟ ಅಮೈನೋ ಆಮ್ಲಗಳಿಗೆ, ಅಂದರೆ 14ನೆಯ ಥ್ರಿಯೋನಿನ್ ಮತ್ತು 15ನೆಯ ಟೈರೋಸಿನ್‌ಗೆ, ಫಾಸ್ಫೇಟ್ ಅಂಟಿರುವುದರಿಂದ ಅದು ನಿಷ್ಕ್ರಿಯವಾಗಿರುತ್ತದೆ. ಈ ಫಾಸ್ಫೇಟುಗಳನ್ನು ಅಂಟಿಸುವುದು ವೀ1ಬಿ ಮತ್ತು ಮಿಟ್1 ಎಂಬ ಕೈನೇಸ್‌ಗಳು. ಕಿತ್ತುಹಾಕುವುದು ಸಿಡಿಸಿ25ಬಿ ಎಂಬ ಫಾಸ್ಫಟೇಸ್. ಸೈಕ್ಲಿಕ್ ಎಎಂಪಿ ಹೆಚ್ಚಿದ್ದಾಗ ಪ್ರೋಟೀನ್ ಕೈನೇಸ್ ಎ ಚುರುಕಾಗಿದ್ದು, ಅದು ವೀ1ಬಿಯನ್ನು ಬಲಪಡಿಸುತ್ತದೆ ಮತ್ತು ಸಿಡಿಸಿ25ಬಿಯನ್ನು ಕೋಶರಸದಲ್ಲಿಯೇ ಕಟ್ಟಿಹಾಕುತ್ತದೆ. ಹೀಗೆ ಒಂದೇ ಕೈನೇಸ್ ಎರಡೂ ಕಡೆಯಿಂದ ಸಿಡಿಕೆ1 ಏಳದಂತೆ ನೋಡಿಕೊಳ್ಳುತ್ತದೆ. ಇದರ ಜೊತೆಗೆ ಸೈಕ್ಲಿನ್ ಬಿ ವಿಪರೀತ ಶೇಖರವಾಗದಂತೆ ಅದನ್ನು ಒಡೆಯುವ ವ್ಯವಸ್ಥೆಯೂ ನಡೆಯುತ್ತಿರುತ್ತದೆ.

ಹಾಗಾದರೆ ಆ ಸೈಕ್ಲಿಕ್ ಎಎಂಪಿ ಎಲ್ಲಿಂದ ಬಂತು? ಬಹುಕಾಲ ಅದು ಸುತ್ತಲಿನ ಕೋಶಗಳಿಂದ ಹರಿದುಬರುತ್ತದೆ ಎಂದೇ ಅನೇಕರು ನಂಬಿದ್ದರು. 2004ರಲ್ಲಿ ಲೀಸಾ ಮೆಲ್‌ಮನ್ ಮತ್ತು ಸಂಗಡಿಗರು ಇಲಿಯ ಅಂಡಾಣುವಿನ ಪೊರೆಯಲ್ಲಿಯೇ ಇರುವ ಜಿಪಿಆರ್3 ಎಂಬ ಗ್ರಾಹಕದ ಪಾತ್ರವನ್ನು ತೋರಿಸಿದ ಮೇಲೆ ಚಿತ್ರ ಬದಲಾಯಿತು. ಈ ಗ್ರಾಹಕವು ಜಿಎಸ್ ಎಂಬ, ಸಂಕೇತ ದಾಟಿಸುವ ಪ್ರೋಟೀನನ್ನು ಸದಾ ಎಚ್ಚರವಾಗಿಟ್ಟು, ಅಂಡಾಣುವಿನೊಳಗೇ ಸೈಕ್ಲಿಕ್ ಎಎಂಪಿ ತಯಾರಾಗುವಂತೆ ಮಾಡುತ್ತದೆ. ಜಿಪಿಆರ್3 ಇಲ್ಲದ ಇಲಿಗಳಲ್ಲಿ, ಫಾಲಿಕಲ್‌ನ ಒಳಗಿದ್ದೂ, ಎಲ್‌ಎಚ್ ಬಾರದೆಯೂ, ಹೆಚ್ಚಿನ ಅಂಡಾಣುಗಳು ಮಿಯಾಸಿಸ್ ಅನ್ನು ಮುಂದುವರಿಸಿಬಿಟ್ಟಿದ್ದವು. ಅಂಥ ಅಂಡಾಣುವಿಗೆ ಜಿಪಿಆರ್3ರ ಆರ್‌ಎನ್‌ಎ ಚುಚ್ಚಿದಾಗ ತಡೆ ಮರಳಿತು. ಒಂದು ಕಾರಣವನ್ನು ತೆಗೆದು, ಮತ್ತೆ ಹಿಂದಿರುಗಿಸಿ, ಎರಡೂ ಸಂದರ್ಭಗಳಲ್ಲಿ ಫಲಿತಾಂಶವನ್ನು ನೋಡಿದ ಈ ಪ್ರಯೋಗ ನನ್ನ ದೃಷ್ಟಿಯಲ್ಲಿ ಈ ವಿಷಯದ ಅತ್ಯಂತ ಸ್ವಚ್ಛವಾದ ಸಾಕ್ಷ್ಯಗಳಲ್ಲೊಂದು. ನಿಮ್ಮ ವಿದ್ಯಾರ್ಥಿಗಳಿಗೂ ಹೇಳುವಂಥದ್ದು.

ಇಲ್ಲೊಂದು ತೊಡಕು ಉಳಿಯುತ್ತದೆ. ತಡೆಯ ವಸ್ತುವನ್ನು ಅಂಡಾಣು ತಾನೇ ತಯಾರಿಸುತ್ತದೆ ಎಂದಾದರೆ, ಫಾಲಿಕಲ್‌ನಿಂದ ಹೊರತೆಗೆದ ಮೇಲೂ ಅದು ನಿಂತೇ ಇರಬೇಕಿತ್ತು. ಹಾಗಾಗದಿರುವುದಕ್ಕೆ ಕಾರಣ ಪಿಡಿಇ3ಎ ಎಂಬ ಕಿಣ್ವ. ಅದು ಕೂಡ ಅಂಡಾಣುವಿನಲ್ಲಿಯೇ ಇದ್ದು ಸೈಕ್ಲಿಕ್ ಎಎಂಪಿಯನ್ನು ಒಡೆಯುತ್ತದೆ. ಅಂಡಾಣು ತಡೆಯಲ್ಲಿ ಉಳಿಯಬೇಕಾದರೆ ಈ ಕಿಣ್ವವನ್ನು ಯಾರಾದರೂ ಸುಮ್ಮನಿರಿಸಬೇಕು. ಆ ಕೆಲಸ ಮಾಡುವುದು ಸೈಕ್ಲಿಕ್ ಜಿಎಂಪಿ ಎಂಬ ಮತ್ತೊಂದು ಸಂಕೇತವಾಹಕ ಅಣು. ಅದನ್ನು ತಯಾರಿಸುವುದು ಅಂಡಾಣು ಅಲ್ಲ, ಸುತ್ತಲಿನ ಕೋಶಗಳು. ಫಾಲಿಕಲ್ ಗೋಡೆಯ ಗ್ರಾನುಲೋಸಾ ಕೋಶಗಳು ಸಿಎನ್‌ಪಿ ಎಂಬ ಪೆಪ್ಟೈಡನ್ನು ಸ್ರವಿಸುತ್ತವೆ. ಅದು ಎನ್‌ಪಿಆರ್2 ಎಂಬ ಗ್ರಾಹಕಕ್ಕೆ ಅಂಟಿದಾಗ ಆ ಗ್ರಾಹಕವೇ ಕಿಣ್ವವಾಗಿ ವರ್ತಿಸಿ ಸೈಕ್ಲಿಕ್ ಜಿಎಂಪಿಯನ್ನು ಉತ್ಪಾದಿಸುತ್ತದೆ. ಅದು ಕನೆಕ್ಸಿನ್ 43 ಮತ್ತು ಕನೆಕ್ಸಿನ್ 37ರಿಂದಾದ ಗ್ಯಾಪ್ ಜಂಕ್ಷನ್‌ಗಳ ಮೂಲಕ ಕೋಶದಿಂದ ಕೋಶಕ್ಕೆ ದಾಟಿ, ಕೊನೆಗೆ ಅಂಡಾಣುವನ್ನು ಸೇರಿ ಪಿಡಿಇ3ಎಯನ್ನು ತಡೆಯುತ್ತದೆ. ಸಿಎನ್‌ಪಿ ಮತ್ತು ಎನ್‌ಪಿಆರ್2ರ ಈ ಜೋಡಿಯನ್ನು ಜಾನ್ ಎಪ್ಪಿಗ್ ಅವರ ತಂಡ 2010ರಲ್ಲಿ ಪ್ರಕಟಿಸಿತು. ಕ್ಯುಮುಲಸ್ ಕೋಶಗಳೊಂದಿಗೆ ಹೊರತೆಗೆದ ಅಂಡಾಣುವನ್ನು ಸಿಎನ್‌ಪಿ ತಡೆದು ನಿಲ್ಲಿಸಬಲ್ಲದು. ಆ ಕೋಶಗಳನ್ನು ಬಿಡಿಸಿದ ಬರಿಯ ಅಂಡಾಣುವಿನ ಮೇಲೆ ಅದು ಪರಿಣಾಮ ಬೀರದು.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿಯೇ ಸಿಗುತ್ತದೆ. ಸೈಕ್ಲಿಕ್ ಎಎಂಪಿಯ ತಯಾರಿಕೆ ಅಂಡಾಣುವಿನದು, ಅದು ಒಡೆಯದಂತೆ ಕಾಯುವುದು ಸುತ್ತಲಿನವರದು. ಅಂಡಾಣುವನ್ನು ಫಾಲಿಕಲ್‌ನಿಂದ ಬಿಡಿಸಿದ ಕೂಡಲೇ ಕಾವಲು ತಪ್ಪುತ್ತದೆ, ಪಿಡಿಇ3ಎ ಏಳುತ್ತದೆ, ಸೈಕ್ಲಿಕ್ ಎಎಂಪಿ ಇಳಿಯುತ್ತದೆ, ಮಿಯಾಸಿಸ್ ಮುಂದುವರಿಯುತ್ತದೆ. ಪಿಡಿಇ3ಎ ಜೀನ್ ಇಲ್ಲದ ಹೆಣ್ಣಿಲಿಗಳಲ್ಲಿ ಅಂಡೋತ್ಸರ್ಗವಾದರೂ ಅಂಡಾಣುಗಳು ಪ್ರೊಫೇಸ್‌ನಿಂದ ಹೊರಬರುವುದೇ ಇಲ್ಲ; ಆ ಇಲಿಗಳು ಬಂಜೆಯಾಗಿರುತ್ತವೆ. ಹಾಗಾಗಿ ಎಲ್‌ಎಚ್ ಮಾಡುವುದು ಅಂಡಾಣುವಿಗೆ ಹೊಸದೊಂದು ಆಜ್ಞೆ ಕಳಿಸುವ ಕೆಲಸವಲ್ಲ. ಅಂಡಾಣುವನ್ನು ಫಾಲಿಕಲ್‌ನಿಂದ ಬಿಡಿಸಿದಾಗ ಏನಾಗುತ್ತದೆಯೋ ಅದನ್ನೇ, ಅದು ಫಾಲಿಕಲ್‌ನೊಳಗೆ ಇರುವಾಗಲೇ ಆಗುವಂತೆ ಮಾಡುತ್ತದೆ.

ಅದು ನಡೆಯುವ ಬಗೆ ಹೀಗಿದೆ. ಎಲ್‌ಎಚ್ ಹೊರಪದರದ ಕೋಶಗಳ ಗ್ರಾಹಕಕ್ಕೆ ಅಂಟಿದ ಕೆಲವೇ ನಿಮಿಷಗಳಲ್ಲಿ ಎನ್‌ಪಿಆರ್2ರ ಮೇಲಿದ್ದ ಫಾಸ್ಫೇಟುಗಳು ಕಳಚಲಾರಂಭಿಸುತ್ತವೆ. ಆ ಫಾಸ್ಫೇಟುಗಳಿಲ್ಲದೆ ಅದು ಸೈಕ್ಲಿಕ್ ಜಿಎಂಪಿಯನ್ನು ಚೆನ್ನಾಗಿ ತಯಾರಿಸಲಾರದು. ಇದರೊಡನೆ ಸೈಕ್ಲಿಕ್ ಜಿಎಂಪಿಯನ್ನು ಒಡೆಯುವ ಪಿಡಿಇ5 ಕಿಣ್ವ ಚುರುಕಾಗುತ್ತದೆ. ಪರಿಣಾಮವಾಗಿ ಹೊರಪದರದಲ್ಲಿ ಸೈಕ್ಲಿಕ್ ಜಿಎಂಪಿ ಥಟ್ಟನೆ ಕುಸಿಯುತ್ತದೆ. ಆಗ ಒಳಗಿನ ಕೋಶಗಳಿಂದ ಅದು ಹೊರಗಿನ ಕಡೆಗೆ ಹರಿಯುತ್ತದೆ: ಕೆರೆಯ ಏರಿಯಲ್ಲಿ ತೂಬು ತೆಗೆದರೆ ನಡುಗೆರೆಯ ನೀರಿನ ಮಟ್ಟವೂ ಇಳಿಯುವಂತೆ, ಅಂಡಾಣುವಿನೊಳಗಿನ ಸೈಕ್ಲಿಕ್ ಜಿಎಂಪಿಯೂ ಗ್ಯಾಪ್ ಜಂಕ್ಷನ್‌ಗಳ ಮೂಲಕ ಬರಿದಾಗುತ್ತದೆ. ಪ್ರತಿದೀಪ್ತಿ ಸಂವೇದಕವನ್ನು ಹೊತ್ತ ಇಲಿಯ ಫಾಲಿಕಲ್‌ಗಳಲ್ಲಿ ಇದನ್ನು ಕಣ್ಣಾರೆ ಕಂಡ ಅಧ್ಯಯನ 2015ರಲ್ಲಿ ಬಂತು. ಎಲ್‌ಎಚ್‌ಗೆ ಮುಂಚೆ ಫಾಲಿಕಲ್‌ನ ಉದ್ದಗಲಕ್ಕೂ ಸುಮಾರು 2ರಿಂದ 4 ಮೈಕ್ರೋಮೋಲಾರ್ ಇದ್ದ ಸೈಕ್ಲಿಕ್ ಜಿಎಂಪಿ, ಎಲ್‌ಎಚ್ ಸೇರಿಸಿದ ಸುಮಾರು 20 ನಿಮಿಷಗಳಲ್ಲಿ ಅಂಡಾಣುವಿನೊಳಗೆ 100 ನ್ಯಾನೋಮೋಲಾರ್‌ನ ಆಸುಪಾಸಿಗೆ ಇಳಿದಿತ್ತು. ಹೀಗೆ ಗ್ರಾಹಕವೇ ಇಲ್ಲದ ಅಂಡಾಣುವಿಗೆ ಮುಟ್ಟುವ ಸಂದೇಶವೆಂದರೆ ಒಂದು ವಸ್ತುವಿನ ಆಗಮನವಲ್ಲ, ಒಂದು ವಸ್ತುವಿನ ನಿರ್ಗಮನ. ಇಷ್ಟು ಸರಳವಾದ ಉಪಾಯದಿಂದ ಹತ್ತಾರು ಕೋಶಪದರಗಳಾಚೆಗೆ ಸುದ್ದಿ ತಲುಪುತ್ತದೆ ಎಂಬುದು ಎಷ್ಟು ಸಲ ಓದಿದರೂ ನನ್ನನ್ನು ಬೆರಗುಗೊಳಿಸುತ್ತದೆ.

ಇದು ಮೊದಲ ಅಲೆ. ಎರಡನೆಯದು ತುಸು ನಿಧಾನವಾಗಿ ಬರುತ್ತದೆ. ಎಲ್‌ಎಚ್ ಪಡೆದ ಗ್ರಾನುಲೋಸಾ ಕೋಶಗಳು ಆಂಫಿರೆಗ್ಯುಲಿನ್, ಎಪಿರೆಗ್ಯುಲಿನ್, ಬೀಟಾಸೆಲ್ಯುಲಿನ್ ಎಂಬ ಬೆಳವಣಿಗೆಯ ಅಂಶಗಳನ್ನು ಬಿಡುಗಡೆ ಮಾಡುತ್ತವೆ. ಮಾರ್ಕೊ ಕಾಂಟಿ ಅವರ ತಂಡ 2004ರಲ್ಲಿ ತೋರಿಸಿದ ಹಾಗೆ, ಇವು ಇಜಿಎಫ್ ಗ್ರಾಹಕಗಳ ಮೂಲಕ ಕ್ಯುಮುಲಸ್ ಕೋಶಗಳನ್ನೂ ತಲುಪಿ, ಮಿಯಾಸಿಸ್‌ನ ಮುಂದುವರಿಕೆಗೆ ನೆರವಾಗುವುದಲ್ಲದೆ, ಕ್ಯುಮುಲಸ್ ಕೋಶಗಳು ಹಯಲುರೊನಾನ್ ಎಂಬ ಲೋಳೆಯಂಥ ವಸ್ತುವನ್ನು ಸ್ರವಿಸಿ ಹರಡಿಕೊಳ್ಳುವಂತೆಯೂ ಮಾಡುತ್ತವೆ. ಸಿಎನ್‌ಪಿಯ ಪ್ರಮಾಣ ಇಳಿಯುವುದು ಇದಕ್ಕೂ ನಂತರ, ಗಂಟೆಗಳ ಲೆಕ್ಕದಲ್ಲಿ.

ಈಗ ನಿಮ್ಮ ಎರಡನೆಯ ಸಂದೇಹ. ಗ್ರಾನುಲೋಸಾ ಕೋಶಗಳಲ್ಲಿ ಏರಿದ ಸೈಕ್ಲಿಕ್ ಎಎಂಪಿ ಅಂಡಾಣುವನ್ನು ಏಕೆ ಕಟ್ಟಿಹಾಕುವುದಿಲ್ಲ? ಇದಕ್ಕೆ ಒಂದೇ ಕಾರಣವಿಲ್ಲ. ಏರಿಕೆ ನಡೆಯುವುದು ಅಂಡಾಣುವಿನಿಂದ ದೂರದ ಹೊರಪದರದಲ್ಲಿ. ಸೈಕ್ಲಿಕ್ ಜಿಎಂಪಿ ಇಳಿದ ಮೇಲೆ ಅಂಡಾಣುವಿನೊಳಗಿನ ಪಿಡಿಇ3ಎ ಬಿಡುಗಡೆಗೊಂಡಿರುವುದರಿಂದ, ಸ್ವಲ್ಪ ಸೈಕ್ಲಿಕ್ ಎಎಂಪಿ ಒಳಬಂದರೂ ಅಲ್ಲಿ ಉಳಿಯುವುದಿಲ್ಲ. ಜೊತೆಗೆ, ಎಲ್‌ಎಚ್‌ನ ಪ್ರಭಾವದಲ್ಲಿ ಮ್ಯಾಪ್ ಕೈನೇಸ್ ಕನೆಕ್ಸಿನ್ 43ಕ್ಕೆ ಫಾಸ್ಫೇಟ್ ಸೇರಿಸಿ, ಗ್ರಾನುಲೋಸಾ ಕೋಶಗಳ ನಡುವಿನ ದಾರಿಯನ್ನೇ ಕಿರಿದಾಗಿಸುತ್ತದೆ. ಈ ಕ್ರಮವನ್ನು ಗಮನಿಸಬೇಕು: ಮೊದಲು ಸೈಕ್ಲಿಕ್ ಜಿಎಂಪಿ ಆ ದಾರಿಯಲ್ಲಿಯೇ ಹೊರಹೋಗುತ್ತದೆ, ಬಳಿಕ ದಾರಿ ಮುಚ್ಚುತ್ತದೆ. ದಾರಿ ಮುಚ್ಚುವುದೊಂದೇ ತಡೆಯನ್ನು ಬಿಡಿಸಬಲ್ಲದಾದರೂ, ಅದು ನಡೆಯದಿದ್ದಾಗಲೂ ಸೈಕ್ಲಿಕ್ ಜಿಎಂಪಿಯ ಕುಸಿತದಿಂದಲೇ ಮಿಯಾಸಿಸ್ ಮುಂದುವರಿಯುತ್ತದೆ. ಸಂತಾನದಂಥ ವಿಷಯದಲ್ಲಿ ದೇಹ ಒಂದೇ ಎಳೆಯನ್ನು ನೆಚ್ಚಿಕೊಂಡಿಲ್ಲ.

ತರಗತಿಗೆ ಇಷ್ಟು ಸಾಕೆಂದು ನನಗನಿಸುತ್ತದೆ: ಅಂಡಾಣುವನ್ನು ಸುತ್ತಲಿನ ಕೋಶಗಳು ಸೈಕ್ಲಿಕ್ ಜಿಎಂಪಿ ಕಳಿಸುತ್ತ ತಡೆದಿಟ್ಟಿರುತ್ತವೆ, ಎಲ್‌ಎಚ್ ಆ ಪೂರೈಕೆಯನ್ನು ನಿಲ್ಲಿಸುತ್ತದೆ. ಕಿಣ್ವಗಳ ಹೆಸರುಗಳು ಪದವಿ ತರಗತಿಯವರೆಗೆ ಕಾಯಬಹುದು.

ಉತ್ತರ 2: ಪಶುವೈದ್ಯ, ಪ್ರಾಣಿ ಸಂತಾನೋತ್ಪತ್ತಿ ವಿಭಾಗ

ಮೇಲಿನ ಉತ್ತರವನ್ನು ಬಹಳ ಆಸಕ್ತಿಯಿಂದ ಓದಿದೆ. ಅದರ ತಿರುಳನ್ನು ಒಪ್ಪುತ್ತಲೇ, ಹಸು ಎಮ್ಮೆಗಳ ಅಂಡಾಣುಗಳೊಂದಿಗೆ ದಿನನಿತ್ಯ ಕೆಲಸ ಮಾಡುವವರ ಕಡೆಯಿಂದ ಒಂದು ಎಚ್ಚರಿಕೆಯನ್ನು ಸೇರಿಸಬೇಕೆನಿಸುತ್ತದೆ. ಈ ಕಥೆಯ ಬಹುಪಾಲು ಸಾಕ್ಷ್ಯ ಬಂದಿರುವುದು ಇಲಿಯಿಂದ. ಇಲಿಯ ಅಂಡಾಣುವನ್ನು ಹೊರತೆಗೆದರೆ ಒಂದೆರಡು ಗಂಟೆಗಳಲ್ಲಿಯೇ ಕೋಶಕೇಂದ್ರದ ಪೊರೆ ಕರಗುತ್ತದೆ (ಮಿಯಾಸಿಸ್ ಮುಂದುವರಿದಿದೆ ಎಂಬುದರ ಗುರುತು ಇದು), ಅದಕ್ಕೆ ಹೊಸ ಪ್ರೋಟೀನುಗಳ ತಯಾರಿಕೆಯೂ ಬೇಕಾಗಿಲ್ಲ. ಹಸು, ಕುರಿ, ಹಂದಿಗಳಲ್ಲಿ ಹಾಗಲ್ಲ. ಪ್ರೋಟೀನ್ ತಯಾರಿಕೆಯನ್ನು ತಡೆಯುವ ಸೈಕ್ಲೋಹೆಕ್ಸಿಮೈಡ್ ಹಾಕಿದರೆ ಹಸುವಿನ ಅಂಡಾಣು ಪ್ರೊಫೇಸ್‌ನಲ್ಲಿಯೇ ಉಳಿದುಬಿಡುತ್ತದೆ. ಅಂದರೆ ಈ ಪ್ರಾಣಿಗಳಲ್ಲಿ ತಡೆಯನ್ನು ತೆಗೆದರಷ್ಟೇ ಸಾಲದು. ಮುಂದೆ ಸಾಗಲು ಬೇಕಾದದ್ದನ್ನು ಅಂಡಾಣು ಆ ಹೊತ್ತಿನಲ್ಲಿ ತಯಾರಿಸಿಕೊಳ್ಳಲೂಬೇಕು. ಆದ್ದರಿಂದ ಎಲ್ಲ ಸಸ್ತನಿಗಳಿಗೂ ಒಂದೇ ಮಾತು ಹೇಳುವಾಗ ಸ್ವಲ್ಪ ಬಿಗಿ ಹಿಡಿಯುವುದು ಒಳ್ಳೆಯದು. ಸೈಕ್ಲಿಕ್ ಎಎಂಪಿಯ ಪಾತ್ರ ಮಾತ್ರ ಇಲ್ಲಿಯೂ ಇದೆ: ಪಿಡಿಇ3 ಕಿಣ್ವವನ್ನು ತಡೆಯುವ ಸಿಲೋಸ್ಟಮೈಡ್ ಅಥವಾ ಮಿಲ್ರಿನೋನ್ ಬಳಸಿದರೆ ಹಸುವಿನ ಅಂಡಾಣುವಿನ ಮಿಯಾಸಿಸ್ ಅನ್ನು ಕೆಲವು ಗಂಟೆಗಳ ಮಟ್ಟಿಗೆ ಹಿಡಿದಿಡಬಹುದು.

ಕಸಾಯಿಖಾನೆಯಿಂದ ತಂದ ಅಂಡಾಶಯಗಳಿಂದ, ಇಲ್ಲವೇ ಬದುಕಿರುವ ಹಸುವಿನಿಂದ ಅಲ್ಟ್ರಾಸೌಂಡ್ ನೆರವಿನಲ್ಲಿ ಸೂಜಿಯ ಮೂಲಕ, 2ರಿಂದ 8 ಮಿಲಿಮೀಟರ್ ಗಾತ್ರದ ಫಾಲಿಕಲ್‌ಗಳ ಅಂಡಾಣುಗಳನ್ನು ಸಂಗ್ರಹಿಸಿ, ಅವುಗಳನ್ನು 38.5 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಶೇಕಡಾ 5 ಇಂಗಾಲದ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರ್‌ನಲ್ಲಿ 22ರಿಂದ 24 ಗಂಟೆ ಇಟ್ಟು ಪಕ್ವಗೊಳಿಸುತ್ತೇವೆ. ಬಹುಪಾಲು ಅಂಡಾಣುಗಳು ಧ್ರುವಕಾಯ ಹೊರಹಾಕಿ ಮೆಟಾಫೇಸ್ ತಲುಪುತ್ತವೆ. ಆದರೂ ವೀರ್ಯಾಣುವಿನೊಂದಿಗೆ ಸೇರಿಸಿದ ಮೇಲೆ ಬ್ಲಾಸ್ಟೊಸಿಸ್ಟ್ ಹಂತಕ್ಕೆ, ಅಂದರೆ ಗರ್ಭಕೋಶದಲ್ಲಿ ನೆಲೆಯೂರಬಲ್ಲ ಭ್ರೂಣದ ಹಂತಕ್ಕೆ, ಬರುವುದು ಸಾಮಾನ್ಯವಾಗಿ ಮೂರರಲ್ಲೊಂದು ಭಾಗ. ವರ್ಣತಂತುಗಳ ಲೆಕ್ಕದಲ್ಲಿ ಪಕ್ವವಾದ ಅಂಡಾಣು ಕೋಶರಸದ ಲೆಕ್ಕದಲ್ಲಿಯೂ ಪಕ್ವವಾಗಿರುತ್ತದೆ ಎಂದು ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ತಿಳಿದಿಲ್ಲ.

ಇದರ ಒಂದು ಕಾರಣ ಮೇಲೆ ವಿವರಿಸಿದ ಸಂಕೇತದಲ್ಲಿಯೇ ಇದೆ. ಫಾಲಿಕಲ್‌ನಿಂದ ಹೀರಿ ತೆಗೆದ ಕೂಡಲೇ ಅಂಡಾಣುವಿನ ಸೈಕ್ಲಿಕ್ ಎಎಂಪಿ ಕುಸಿದು, ಅದು ಸಿದ್ಧವಾಗುವ ಮೊದಲೇ ಮಿಯಾಸಿಸ್ ಓಡತೊಡಗುತ್ತದೆ. ಮುಂದಿನ ಭ್ರೂಣಕ್ಕಾಗಿ ಕೂಡಿಡಬೇಕಾದ ಸಂದೇಶವಾಹಕ ಆರ್‌ಎನ್‌ಎ, ಸರಿಯಾದ ಜಾಗಕ್ಕೆ ಸರಿಯಬೇಕಾದ ಮೈಟೊಕಾಂಡ್ರಿಯಾಗಳು, ಪೊರೆಯ ಕೆಳಗೆ ಸಾಲುಗೂಡಬೇಕಾದ ಕಾರ್ಟಿಕಲ್ ಕಣಗಳು, ಇವುಗಳಿಗೆ ಸಮಯ ಸಾಲುವುದಿಲ್ಲ. ಕ್ಯುಮುಲಸ್ ಕೋಶಗಳಿಂದ ಬರಬೇಕಾದ ಪೋಷಣೆಯೂ ಗ್ಯಾಪ್ ಜಂಕ್ಷನ್‌ಗಳು ಮುಚ್ಚಿದಂತೆ ನಿಲ್ಲುತ್ತದೆ. ಆದ್ದರಿಂದ ಈಗ ಅನೇಕ ಪ್ರಯೋಗಾಲಯಗಳು ಮೊದಲು ಕೆಲವು ಗಂಟೆ ಬೇಕೆಂದೇ ತಡೆಯನ್ನು ಮುಂದುವರಿಸಿ, ನಂತರ ಪಕ್ವತೆಗೆ ಬಿಡುವ ವಿಧಾನವನ್ನು ಪರೀಕ್ಷಿಸುತ್ತಿವೆ. ಇದು ಸರಿಯಾದ ದಿಕ್ಕು ಎಂದು ನಾನು ನಂಬುತ್ತೇನೆ.

ನಮ್ಮ ದೇಶದ ಮಟ್ಟಿಗೆ ಒಂದು ಮಾತು. ಪ್ರನಾಳದಲ್ಲಿ ಫಲಿತಗೊಂಡ ಭ್ರೂಣದಿಂದ ಜಗತ್ತಿನ ಮೊದಲ ಎಮ್ಮೆಕರು ಹುಟ್ಟಿದ್ದು 1990ರಲ್ಲಿ, ಕರ್ನಾಲ್‌ನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಲ್ಲಿ. ಅದಕ್ಕೆ ಪ್ರಥಮ್ ಎಂದು ಹೆಸರಿಟ್ಟಿದ್ದರು. ಎಮ್ಮೆಯ ಅಂಡಾಶಯದಲ್ಲಿ ಹಸುವಿಗಿಂತ ಕಡಿಮೆ ಫಾಲಿಕಲ್‌ಗಳಿರುವುದರಿಂದ, ಸಿಕ್ಕ ಪ್ರತಿ ಅಂಡಾಣುವಿನ ಗುಣಮಟ್ಟವೂ ನಮಗೆ ಮುಖ್ಯ. ಸಂಕೇತಗಳ ಈ ವಿಜ್ಞಾನ ನಮ್ಮ ರೈತರ ಕೊಟ್ಟಿಗೆಗೆ ಸಂಬಂಧಿಸಿದ್ದೇ ಹೊರತು ಪುಸ್ತಕಕ್ಕಷ್ಟೇ ಸೇರಿದ್ದಲ್ಲ.

ಉತ್ತರ 3: ಎಂಬ್ರಿಯಾಲಜಿಸ್ಟ್, ಬಂಜೆತನ ಚಿಕಿತ್ಸಾ ಪ್ರಯೋಗಾಲಯ

ಮನುಷ್ಯರ ವಿಷಯದಲ್ಲಿ ಸ್ವಲ್ಪ ಸೇರಿಸುತ್ತೇನೆ. ರಾಬರ್ಟ್ ಎಡ್ವರ್ಡ್ಸ್ ಅವರು 1965ರಲ್ಲಿಯೇ ಮಾನವ ಅಂಡಾಣುಗಳನ್ನು ಅಂಡಾಶಯದಿಂದ ಹೊರತೆಗೆದು ಬೆಳೆಸಿ, ಅವು ಧ್ರುವಕಾಯ ಹೊರಹಾಕಲು 36 ಗಂಟೆಗಳಿಗೂ ಮೀರಿ ತೆಗೆದುಕೊಳ್ಳುತ್ತವೆ ಎಂದು ತೋರಿಸಿದ್ದರು. ಪ್ರನಾಳ ಶಿಶು ಚಿಕಿತ್ಸೆಗೆ ಮೊದಲ ಮೆಟ್ಟಿಲಾದದ್ದು ಈ ಕೆಲಸ. ಇಂದಿಗೂ ನಾವು ಫಾಲಿಕಲ್‌ಗಳು ಸಾಕಷ್ಟು ಬೆಳೆದ ಮೇಲೆ ಎಚ್‌ಸಿಜಿ ಎಂಬ ಗರ್ಭಧಾರಣೆಯ ಹಾರ್ಮೋನಿನ ಚುಚ್ಚುಮದ್ದನ್ನೋ, ದೇಹದ್ದೇ ಎಲ್‌ಎಚ್ ಬಿಡುಗಡೆಯಾಗುವಂತೆ ಮಾಡುವ ಜಿಎನ್‌ಆರ್‌ಎಚ್ ಅಗೋನಿಸ್ಟ್ ಅನ್ನೋ ಕೊಟ್ಟು, ಸಾಮಾನ್ಯವಾಗಿ 34ರಿಂದ 36 ಗಂಟೆಗಳ ನಂತರ ಅಂಡಾಣುಗಳನ್ನು ಹೊರತೆಗೆಯುತ್ತೇವೆ. ಎಚ್‌ಸಿಜಿ ಅಂಟುವುದು ಎಲ್‌ಎಚ್‌ನ ಗ್ರಾಹಕಕ್ಕೇ. ರೋಗಿಗಳು ಆ ಚುಚ್ಚುಮದ್ದಿನ ಸಮಯವನ್ನು ನಿಮಿಷ ತಪ್ಪದೆ ಪಾಲಿಸಬೇಕೆಂದು ನಾವು ಒತ್ತಾಯಿಸುವುದು ಇದೇ ಕಾರಣಕ್ಕೆ: ಮೇಲೆ ಹೇಳಿದ ಸರಪಳಿ ಆರಂಭವಾಗುವುದು ಆ ಕ್ಷಣದಿಂದ, ಮತ್ತು ಮೆಟಾಫೇಸ್ ತಲುಪುವ ಹೊತ್ತಿಗೂ ಫಾಲಿಕಲ್ ಒಡೆಯುವ ಹೊತ್ತಿಗೂ ನಡುವೆ ಇರುವ ಅವಕಾಶ ಚಿಕ್ಕದು.

ಸಿಎನ್‌ಪಿಯ ಕಥೆ ಮನುಷ್ಯರಿಗೂ ಹೊಂದುತ್ತದೆಯೇ ಎಂಬ ಪ್ರಶ್ನೆ ಬರಬಹುದು. ಎಚ್‌ಸಿಜಿ ಕೊಟ್ಟ ಮೇಲೆ ಮಹಿಳೆಯರ ಫಾಲಿಕಲ್ ದ್ರವದಲ್ಲಿ ಸಿಎನ್‌ಪಿ ಇಳಿಯುತ್ತದೆ ಎಂದು 2011ರಲ್ಲಿ ವರದಿಯಾಗಿದೆ. ಇದಕ್ಕಿಂತ ಪ್ರಾಯೋಗಿಕವಾದ ಬೆಂಬಲ ಅಂಡಾಣುವನ್ನು ದೇಹದ ಹೊರಗೆ ಪಕ್ವಗೊಳಿಸುವ ಕಾಪಾ ಐವಿಎಂ ಎಂಬ ವಿಧಾನದಿಂದ ಬಂದಿದೆ. ಪಿಸಿಒಎಸ್ (ಅಂಡಾಶಯದಲ್ಲಿ ಚಿಕ್ಕ ಫಾಲಿಕಲ್‌ಗಳು ಹೆಚ್ಚಾಗಿ ತುಂಬಿರುವ ಹಾರ್ಮೋನು ತೊಂದರೆ) ಇರುವ ಮಹಿಳೆಯರಲ್ಲಿ ಹಾರ್ಮೋನುಗಳ ದೊಡ್ಡ ಪ್ರಮಾಣ ಕೊಟ್ಟರೆ ಅಂಡಾಶಯ ವಿಪರೀತ ಊದಿಕೊಂಡು ಅಪಾಯವಾಗಬಹುದು. ಅಂಥವರಿಂದ ಚಿಕ್ಕ ಫಾಲಿಕಲ್‌ಗಳ ಅಂಡಾಣುಗಳನ್ನೇ ತೆಗೆದು, ಮೊದಲು ಸುಮಾರು ಒಂದು ದಿನ ಸಿಎನ್‌ಪಿ ಇರುವ ದ್ರವದಲ್ಲಿಟ್ಟು ತಡೆಯನ್ನು ಉಳಿಸಿ, ನಂತರ ಆಂಫಿರೆಗ್ಯುಲಿನ್ ಮತ್ತು ಫಾಲಿಕಲ್ ಬೆಳೆಸುವ ಹಾರ್ಮೋನಾದ ಎಫ್‌ಎಸ್‌ಎಚ್ ಇರುವ ದ್ರವಕ್ಕೆ ವರ್ಗಾಯಿಸಿ ಪಕ್ವಗೊಳಿಸುತ್ತಾರೆ. ಬ್ರಸೆಲ್ಸ್ ಮತ್ತು ಹೋ ಚಿ ಮಿನ್ ನಗರದ ತಂಡಗಳು ಇದನ್ನು ಬೆಳೆಸಿದವು, ಈ ವಿಧಾನದಿಂದ ಮಕ್ಕಳೂ ಹುಟ್ಟಿದ್ದಾರೆ. ಇಲಿಯಲ್ಲಿ ಬಿಡಿಸಿದ ಎರಡು ಸಂಕೇತಗಳನ್ನು ಅದೇ ಕ್ರಮದಲ್ಲಿ ಬಟ್ಟಲಿನಲ್ಲಿ ಮರುಸೃಷ್ಟಿಸಿದ ಪ್ರಯತ್ನವಿದು ಎಂಬ ಕಾರಣಕ್ಕೆ ಇಲ್ಲಿ ಉಲ್ಲೇಖಿಸಿದೆ.

ನಾವು ಪಡೆಯುವ ಅಂಡಾಣುಗಳಲ್ಲಿ ಹತ್ತರಲ್ಲಿ ಒಂದೆರಡು ಇನ್ನೂ ಅಪಕ್ವವಾಗಿರುವುದು ಸಾಮಾನ್ಯ, ಅದರಿಂದ ಗಾಬರಿಪಡಬೇಕಿಲ್ಲ. ಆದರೆ ಕೆಲವು ಮಹಿಳೆಯರಲ್ಲಿ ಪ್ರತಿ ಸಲವೂ ಎಲ್ಲ ಅಂಡಾಣುಗಳೂ ಒಂದೇ ಹಂತದಲ್ಲಿ ನಿಂತಿರುತ್ತವೆ. ಅಲ್ಲಿ ಜೀನ್‌ಗಳನ್ನು ನೋಡಬೇಕಾಗುತ್ತದೆ. ಎಲ್‌ಎಚ್ ಗ್ರಾಹಕದ ಜೀನ್‌ನಲ್ಲಿಯೇ ದೋಷವಿದ್ದರೆ ಫಾಲಿಕಲ್‌ಗಳಿದ್ದರೂ ಅಂಡಾಣು ಸಿಗದಿರಬಹುದು. ಪಿಎಟಿಎಲ್2 ಜೀನ್‌ನ ದೋಷದಲ್ಲಿ ಅಂಡಾಣುಗಳು ಪ್ರೊಫೇಸ್‌ನಲ್ಲಿ ಉಳಿಯುವುದನ್ನು ಕಂಡಿದ್ದಾರೆ. ಟಿಯುಬಿಬಿ8 ಎಂಬ ಜೀನ್ ಮನುಷ್ಯ ಮತ್ತು ಇತರ ಪ್ರೈಮೇಟ್‌ಗಳ ಅಂಡಾಣುವಿನ ಸ್ಪಿಂಡಲ್‌ಗೆ (ವರ್ಣತಂತುಗಳನ್ನು ಎಳೆದು ಬೇರ್ಪಡಿಸುವ ಎಳೆಗಳ ರಚನೆಗೆ) ಬೇಕಾದ ಟ್ಯುಬ್ಯುಲಿನ್ ಎಂಬ ಪ್ರೋಟೀನನ್ನು ಕೊಡುತ್ತದೆ. ಅದರ ದೋಷದಲ್ಲಿ ಅಂಡಾಣುಗಳು ಮೊದಲ ಮೆಟಾಫೇಸ್‌ನಲ್ಲಿ ನಿಲ್ಲುತ್ತವೆ ಎಂದು 2016ರಲ್ಲಿ ತಿಳಿದುಬಂತು. ಇಂಥ ಪರೀಕ್ಷೆಯಿಂದ ಕೂಡಲೇ ಚಿಕಿತ್ಸೆ ಸಿಗದಿದ್ದರೂ, ಫಲವಿಲ್ಲದ ಚಿಕಿತ್ಸೆಯನ್ನು ಮತ್ತೆ ಮತ್ತೆ ಮಾಡಿಸಿಕೊಳ್ಳುವ ಸಂಕಟ ಮತ್ತು ಖರ್ಚಿನಿಂದ ದಂಪತಿಗಳನ್ನು ಪಾರುಮಾಡಬಹುದು.

ಮರುಪ್ರಶ್ನೆ: ಪದವಿಪೂರ್ವ ಕಾಲೇಜಿನ ಜೀವಶಾಸ್ತ್ರ ಉಪನ್ಯಾಸಕಿ

ಮೂವರ ವಿವರಣೆಗೂ ಋಣಿಯಾಗಿದ್ದೇನೆ. ಮೊದಲ ತಡೆ ಈಗ ಸ್ಪಷ್ಟವಾಯಿತು. ಹಾಗಾದರೆ ಎರಡನೆಯ ವಿಭಜನೆಯ ಮೆಟಾಫೇಸ್‌ನಲ್ಲಿ ಅಂಡಾಣು ಮತ್ತೆ ನಿಲ್ಲುವುದೂ ಸೈಕ್ಲಿಕ್ ಎಎಂಪಿಯ ಕಾರಣದಿಂದಲೇ? ಅಲ್ಲಿ ತಡೆಯನ್ನು ಬಿಡಿಸುವುದು ವೀರ್ಯಾಣು ಎಂದು ಪಾಠ ಮಾಡುತ್ತೇವೆ. ವೀರ್ಯಾಣು ಏನನ್ನು ತರುತ್ತದೆ?

ಉತ್ತರ 1ರ ಲೇಖಕ

ಎರಡನೆಯ ತಡೆಯ ಸ್ವಭಾವ ಮೊದಲನೆಯದಕ್ಕೆ ತದ್ವಿರುದ್ಧ. ಮೊದಲನೆಯದರಲ್ಲಿ ಸಿಡಿಕೆ1 ಏಳದಂತೆ ನೋಡಿಕೊಳ್ಳಲಾಗುತ್ತಿತ್ತು. ಇಲ್ಲಿ ಅದು ಮಲಗದಂತೆ ನೋಡಿಕೊಳ್ಳಲಾಗುತ್ತದೆ. ಸೈಕ್ಲಿನ್ ಬಿಯನ್ನು ಒಡೆಯುವ ಎಪಿಸಿ ಎಂಬ ಸಂಕೀರ್ಣವನ್ನು ಎಮಿ2 ಎಂಬ ಪ್ರೋಟೀನು ಹಿಡಿದಿಟ್ಟಿರುವುದರಿಂದ ಸಿಡಿಕೆ1 ಮತ್ತು ಸೈಕ್ಲಿನ್ ಬಿ ಚುರುಕಾಗಿಯೇ ಉಳಿದು, ವರ್ಣತಂತುಗಳು ಸ್ಪಿಂಡಲ್‌ನ ನಡುವೆ ಸಾಲುಗಟ್ಟಿ ಕಾಯುತ್ತವೆ. ಮಾಸ್ ಎಂಬ ಕೈನೇಸ್ ಮ್ಯಾಪ್ ಕೈನೇಸ್ ಸರಣಿಯ ಮೂಲಕ ಇದಕ್ಕೆ ಒತ್ತಾಸೆಯಾಗಿರುತ್ತದೆ. ಮಾಸ್ ಇಲ್ಲದ ಇಲಿಗಳ ಅಂಡಾಣುಗಳು ಈ ಹಂತದಲ್ಲಿ ಸರಿಯಾಗಿ ನಿಲ್ಲಲಾರದೆ, ವೀರ್ಯಾಣುವಿಲ್ಲದೆಯೇ ವಿಭಜನೆಗೆ ತೊಡಗುತ್ತವೆ ಎಂದು 1994ರಲ್ಲಿ ಎರಡು ತಂಡಗಳು ಪ್ರತ್ಯೇಕವಾಗಿ ತೋರಿಸಿದವು.

ವೀರ್ಯಾಣು ತರುವುದು ಪಿಎಲ್‌ಸಿ ಜೀಟಾ ಎಂಬ ಕಿಣ್ವವನ್ನು; ಇದರ ಗುರುತು ಸಿಕ್ಕಿದ್ದು 2002ರಲ್ಲಿ. ಅದು ಐಪಿ3 ಎಂಬ ಅಣುವಿನ ಮೂಲಕ ಅಂಡಾಣುವಿನ ಒಳಭಂಡಾರದಿಂದ ಕ್ಯಾಲ್ಸಿಯಂ ಬಿಡುಗಡೆ ಮಾಡಿಸುತ್ತದೆ. ಈ ಬಿಡುಗಡೆ ಒಂದೇ ಸಲಕ್ಕೆ ಮುಗಿಯದೆ, ಹಲವು ಗಂಟೆಗಳ ಕಾಲ ಅಲೆಯಲೆಯಾಗಿ ಮರುಕಳಿಸುತ್ತದೆ. ಕ್ಯಾಲ್ಸಿಯಂನಿಂದ ಚುರುಕಾದ ಕ್ಯಾಮ್ ಕೈನೇಸ್ 2, ಎಮಿ2ರ ನಾಶಕ್ಕೆ ದಾರಿ ಮಾಡುತ್ತದೆ. ಎಪಿಸಿ ಬಿಡುಗಡೆಗೊಂಡು ಸೈಕ್ಲಿನ್ ಬಿಯನ್ನು ಒಡೆಯುತ್ತದೆ. ಅಂಡಾಣು ಎರಡನೆಯ ಧ್ರುವಕಾಯವನ್ನು ಹೊರಹಾಕಿ ಮಿಯಾಸಿಸ್ ಅನ್ನು ಮುಗಿಸುತ್ತದೆ.

ಇಷ್ಟೆಲ್ಲ ಆದಮೇಲೂ ಸೈಕ್ಲಿನ್ ಬಿಯ ನಾಶವೊಂದರಿಂದಲೇ ಕೆಲಸ ಮುಗಿಯುವುದಿಲ್ಲ. ಸಿಡಿಕೆ1 ಪೂರ್ತಿಯಾಗಿ ತಣ್ಣಗಾಗಬೇಕಾದರೆ ಅದರ 15ನೆಯ ಟೈರೋಸಿನ್‌ಗೆ ಮತ್ತೆ ಫಾಸ್ಫೇಟ್ ಅಂಟಬೇಕು. ಅದನ್ನು ಅಂಟಿಸುವುದು ಮೊದಲ ತಡೆಯಲ್ಲಿ ನಾವು ಕಂಡ ವೀ1ಬಿ ಕೈನೇಸೇ. ಕ್ಯಾಲ್ಸಿಯಂನ ಏರಿಕೆ ಅದನ್ನೂ ಎಬ್ಬಿಸುತ್ತದೆ ಎಂದು ಇಲಿಗಳಲ್ಲಿ 2011ರಲ್ಲಿ ತೋರಿಸಲಾಯಿತು.

ಉತ್ತರ 3ರ ಲೇಖಕಿ

ಈ ಕೊನೆಯ ಅಂಶಕ್ಕೆ ನಮ್ಮ ಪ್ರಯೋಗಾಲಯಗಳಲ್ಲಿ ನೇರ ಅರ್ಥವಿದೆ. ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಇಟ್ಟ ಮೇಲೂ ಕೆಲವೊಮ್ಮೆ ಫಲೀಕರಣವಾಗುವುದಿಲ್ಲ. ದೋಷವು ವೀರ್ಯಾಣುವಿನ ಪಿಎಲ್‌ಸಿ ಜೀಟಾದಲ್ಲಿದ್ದರೆ, ಪೊರೆಯ ಮೂಲಕ ಕ್ಯಾಲ್ಸಿಯಂ ದಾಟಿಸುವ ಕ್ಯಾಲ್ಸಿಯಂ ಅಯಾನೊಫೋರ್ ಎಂಬ ರಾಸಾಯನಿಕ ಬಳಸಿ ಅಂಡಾಣುವಿನ ಕ್ಯಾಲ್ಸಿಯಂ ಏರಿಸುವುದರಿಂದ ಪ್ರಯೋಜನವಾಗಬಹುದು, ಏಕೆಂದರೆ ಅಲ್ಲಿ ಕೊರತೆ ಇರುವುದು ಕ್ಯಾಲ್ಸಿಯಂ ಸಂಕೇತದ್ದೇ. ಆದರೆ ಮಹಿಳೆಯ ವೀ1ಬಿ ಜೀನ್‌ನ ಎರಡೂ ಪ್ರತಿಗಳಲ್ಲಿ ದೋಷವಿದ್ದರೆ ಅಯಾನೊಫೋರ್‌ನಿಂದ ಉಪಯೋಗವನ್ನು ನಿರೀಕ್ಷಿಸಲಾಗದು. ಅಡಚಣೆ ಇರುವುದು ಕ್ಯಾಲ್ಸಿಯಂಗಿಂತ ಮುಂದಿನ ಮೆಟ್ಟಿಲಿನಲ್ಲಿ. ಮನುಷ್ಯರಲ್ಲಿ ಈ ಜೀನ್ ಅನ್ನು ವೀ2 ಎಂದು ಕರೆಯುತ್ತಾರೆ. ಅದರ ದೋಷವಿರುವ ಮಹಿಳೆಯರ ಅಂಡಾಣುಗಳು ನೋಡಲು ಚೆನ್ನಾಗಿಯೇ ಇದ್ದು, ಧ್ರುವಕಾಯವನ್ನೂ ಹೊರಹಾಕಿರುತ್ತವೆ, ವೀರ್ಯಾಣು ಒಳಸೇರಿದ ಮೇಲೆ ಮಾತ್ರ ಮುಂದೆ ಸಾಗುವುದಿಲ್ಲ. 2018ರಲ್ಲಿ ಇದನ್ನು ಪ್ರಕಟಿಸಿದ ಚೀನಾದ ಸಂಶೋಧಕರು ಅಂಥ ಅಂಡಾಣುಗಳಿಗೆ ವೀ2ರ ಸರಿಯಾದ ಆರ್‌ಎನ್‌ಎಯನ್ನು ಚುಚ್ಚಿದಾಗ ಫಲೀಕರಣವಾಗಿ, ಭ್ರೂಣಗಳು ಪ್ರಯೋಗಾಲಯದಲ್ಲಿ ಬ್ಲಾಸ್ಟೊಸಿಸ್ಟ್ ಹಂತದವರೆಗೂ ಬೆಳೆದವು.